ಅವ್ವನ ಐದು ಚುಕ್ಕಿಗಳು

ಈಗ ಬಸವಕಲ್ಯಾಣ ಎಂದು ಕರೆಯುವ ಊರನ್ನು ನಾವು ಚಿಕ್ಕವರಿದ್ದಾಗ ಕಲ್ಯಾಣಿ ಅನ್ನುತ್ತಿದ್ದೆವು. ಅಲ್ಲಿ ನಾನು ಹುಟ್ಟಿ ಬೆಳೆದ ಮನೆಯ ಮುಂದಿನ ಪಡಸಾಲೆಯೇ ನಮ್ಮಪ್ಪನ ಅಂಗಡಿ. ಅಪ್ಪ ಪತ್ತಾರ, ಬಂಗಾರ ಬೆಳ್ಳಿಯ ಕೆಲಸ ಅವನದು. ಮೂಲೆಯಲ್ಲಿ ಇದ್ದಿಲಿನ ಕುಂಪಟೆ, ಅದರ ಪಕ್ಕ ಊದುವ ಕೊಳವೆ, ನೆಲದಲ್ಲಿ ಹೂತ ಮರದ ಕೊರಡಿನ ಮೇಲೆ ಬಂಗಾರ ಬಡಿಯುವ, ಮುಷ್ಟಿಯಷ್ಟು ದೊಡ್ಡ ಅಡಿಗಲ್ಲು. ವಾರದಲ್ಲಿ ಒಂದೆರಡು ದಿನವಾದರೂ ಯಾರಾದರೂ ಹಸುಗೂಸನ್ನು ಎತ್ತಿಕೊಂಡು ಕಿವಿ ಚುಚ್ಚಿಸಲು ಬರುತ್ತಿದ್ದರು. ಗೋರ್ಟಾದಿಂದ, ರಾಜೇಶ್ವರದಿಂದ ಗಾಡಿ ಕಟ್ಟಿಕೊಂಡು ಬರುವವರೂ ಇದ್ದರು, ಯಾಕೆಂದರೆ ಅಪ್ಪನ ಕೈ ಹಗುರ ಅನ್ನುವ ಮಾತು ಸುತ್ತೆಲ್ಲ ಹಬ್ಬಿತ್ತು. ಅವನು ಕೂಸಿನ ಬಾಯಿಗೆ ಬೆಲ್ಲದ ಚೂರು ಇಟ್ಟು, ಕಿವಿಯ ಹಾಲೆಯನ್ನು ಎರಡು ಬೆರಳಲ್ಲಿ ಮೆಲ್ಲಗೆ ತಿಕ್ಕುತ್ತ, ಅದರ ತಾಯಿಯ ಜೊತೆ ಊರಿನ ಸುದ್ದಿ ತೆಗೆಯುತ್ತಿದ್ದ. ಆಕೆ ಉತ್ತರ ಹೇಳಿ ಮುಗಿಸುವುದರೊಳಗೆ ತಂತಿ ಆಚೆ ಬದಿಗೆ ಬಂದಿರುತ್ತಿತ್ತು. ಕೂಸು ಅಳುತ್ತಿದ್ದದ್ದು ಆಮೇಲೆ. ಒಂದು ಹನಿ ರಕ್ತ ಮೂಡುತ್ತಿತ್ತು. ಅಪ್ಪ ಎಣ್ಣೆ ಅರಿಶಿಣ ಕಲಸುವ ಹೊತ್ತಿಗೆ ಅದು ತಾನಾಗಿ ನಿಂತುಬಿಡುತ್ತಿತ್ತು. ಇದನ್ನೆಲ್ಲ ಒಳಬಾಗಿಲ ಹೊಸ್ತಿಲ ಮೇಲೆ ಕೂತು ನೋಡುತ್ತಿದ್ದ ನನ್ನ ಕಿವಿಗಳು ಮಾತ್ರ ಬೋಳಾಗಿದ್ದವು.

ನನ್ನ ಕಿವಿಯ ಕಥೆಯನ್ನು ಮನೆಯಲ್ಲಿ ಒಬ್ಬೊಬ್ಬರು ಒಂದೊಂದು ಥರ ಹೇಳುತ್ತಿದ್ದರು. ಎಲ್ಲರೂ ಒಪ್ಪುತ್ತಿದ್ದ ಸಂಗತಿ ಇಷ್ಟು: ನಾನು ಹನ್ನೊಂದು ತಿಂಗಳ ಕೂಸಾಗಿದ್ದಾಗ ಅಪ್ಪ ನನ್ನ ಬಲಗಿವಿ ಚುಚ್ಚಿದ. ರಕ್ತ ನಿಲ್ಲಲಿಲ್ಲ. ಬೆಳಿಗ್ಗೆ ಶುರುವಾದದ್ದು ಮರುದಿನ ಸಂಜೆಯವರೆಗೆ ಜಿನುಗುತ್ತಲೇ ಇತ್ತು. ಅಪ್ಪ ಹೆದರಿ ತಂತಿ ತೆಗೆದ, ತೂತು ಕೂಡಿಕೊಂಡಿತು, ಎಡಗಿವಿಯ ತಂಟೆಗೆ ಅವನು ಹೋಗಲೇ ಇಲ್ಲ. ಒದ್ದೆಯಾದ ಬಟ್ಟೆಗಳು ಎಷ್ಟು ಎನ್ನುವುದು ಮಾತ್ರ ಹೇಳುವವರ ಮೇಲೆ ಹೋಗುತ್ತಿತ್ತು. ಅವ್ವನ ಪ್ರಕಾರ ನಾಲ್ಕು, ಆಯಿಯ ಪ್ರಕಾರ ಹದಿನಾಲ್ಕು. ಆಯಿ ಅಂದರೆ ಅಪ್ಪನ ತಾಯಿ; ಅಪ್ಪನೂ ನಾನೂ ಆಕೆಯನ್ನು ಹಾಗೇ ಕರೆಯುತ್ತಿದ್ದೆವು. ಅಪ್ಪನಿಗೆ ಕೆಲಸ ಕಲಿಸಿದ ನಮ್ಮಜ್ಜ ಆ ಹೊತ್ತಿಗೆ ಕಣ್ಣು ಮಂಜಾಗಿ, ಕುಂಪಟೆಯ ಬಿಸಿಗೆ ಬೆನ್ನು ಕೊಟ್ಟು ಕೂತು, ಪುಟ್ಟ ಕುಟ್ಟಾಣಿಯಲ್ಲಿ ಎಲೆ ಅಡಿಕೆ ಕುಟ್ಟುತ್ತಿದ್ದ. ಅವನ ಕಿವಿಯೂ ಮಂದ, ಆದರೆ ತನಗೆ ಬೇಕಾದ ಮಾತು ಅವನಿಗೆ ಚೆನ್ನಾಗಿ ಕೇಳಿಸುತ್ತಿತ್ತು. ಬಟ್ಟೆಯ ವಿಷಯ ಬಂದಾಗ ಅವನಿಗೆ ಯಾವತ್ತೂ ಕೇಳಿಸಿದ್ದಿಲ್ಲ. ಅಂಗಡಿಗೆ ಬಂದವರು ನನ್ನ ಕಡೆ ನೋಡಿ ನಗುತ್ತಿದ್ದರು.

“ಏನ್ರಿ ಮೋನಪ್ಪ, ಊರ ಮಂದಿ ಕಿವಿ ಎಲ್ಲಾ ಚುಚ್ಚಿದ್ರಿ, ಮನಿ ಮಗಳ ಕಿವಿ ಬೋಳ ಬಿಟ್ಟೀರಲ್ಲ?”

“ಆಕಿ ಕಿವಿಗಿ ತಕ್ಕ ಬಂಗಾರ ಇನ್ನಾ ಸಿಕ್ಕಿಲ್ರಿ,” ಅನ್ನುತ್ತಿದ್ದ ಅಪ್ಪ, ತಲೆ ಎತ್ತದೆ.

ಕಿವಿಯನ್ನು ಬಿಟ್ಟೆವು, ಮೂಗು ನಮ್ಮನ್ನು ಬಿಡಲಿಲ್ಲ. ಬೇಸಿಗೆ ಬಂತೆಂದರೆ ನಾನು ಸುಮ್ಮನೆ ಕೂತಲ್ಲೇ ಮೂಗಿನಿಂದ ರಕ್ತ ಇಳಿಯುತ್ತಿತ್ತು. ಆಗ ಇಡೀ ಮನೆ ಎದ್ದು ನಿಲ್ಲುತ್ತಿತ್ತು. ಅವ್ವ ನನ್ನನ್ನು ಹಿತ್ತಲ ಕಲ್ಲಿನ ಮೇಲೆ ಕೂರಿಸಿ ನೆತ್ತಿಗೆ ತಣ್ಣೀರು ಸುರಿಯುತ್ತಿದ್ದಳು. ಆಯಿ ಅರಿಶಿಣ ಹಿಡಿದು ಬರುತ್ತಿದ್ದಳು; ಅದನ್ನು ಹಚ್ಚಬೇಕಾದರೆ ಮೊದಲು ಒರೆಸಬೇಕಲ್ಲ, ಒರೆಸುತ್ತಿದ್ದಳು. ಅಷ್ಟರಲ್ಲಿ ಗೋಡೆಗೆ ಗೋಡೆ ಹೊಂದಿಕೊಂಡಿದ್ದ ಪಕ್ಕದ ಮನೆಯ ಚಾಂದಬಿ ಖಾಲಾ ಗೋಡೆಯ ಮೇಲಿಂದ ಪಟಿಕದ ಹರಳು ಚಾಚುತ್ತಿದ್ದಳು. ಪಟಿಕ ತಿಕ್ಕಬೇಕಾದರೆ ಅರಿಶಿಣ ತೊಳೆಯಬೇಕು. ಅಪ್ಪ ಹತ್ತಿ ಸುಟ್ಟ ಬೂದಿ ತರುತ್ತಿದ್ದ, ಅದಕ್ಕಾಗಿ ಪಟಿಕದ ನೀರನ್ನು ಒರೆಸಬೇಕು. ಒಬ್ಬರು ಹಚ್ಚಿದ್ದನ್ನು ಇನ್ನೊಬ್ಬರು ತೊಳೆಯುತ್ತ, ಎಲ್ಲರೂ ನನ್ನ ಮೇಲಿನ ಅಕ್ಕರೆಯಿಂದಲೇ, ಅರ್ಧ ದಿನ ಕಳೆದುಬಿಡುತ್ತಿದ್ದರು.

“ನಿಂತದೇನ ನೋಡು.”

“ತಡೀರಿ, ನೋಡ್ತೀನಿ. ಇಲ್ರಿ, ಇನ್ನಾ ಬರಾಕತ್ತದ.”

“ಈಗರ ನೋಡು.”

ನನ್ನ ಮೂಗಿನ ಕೆಳಗೆ ಒಂದು ಕಂಚಿನ ಬಟ್ಟಲು ಇಟ್ಟಿರುತ್ತಿದ್ದರು. ತಲೆ ಬಗ್ಗಿಸಿ ಕೂತ ನನಗೆ ಬೇರೆ ನೋಡುವುದಕ್ಕೆ ಏನೂ ಇರುತ್ತಿರಲಿಲ್ಲವಾದ್ದರಿಂದ ಅದನ್ನೇ ನೋಡುತ್ತಿದ್ದೆ. ಬಿದ್ದ ರಕ್ತ ಸ್ವಲ್ಪ ಹೊತ್ತು ನೀರಿನ ಹಾಗೆ ಅಲುಗಾಡುತ್ತಿತ್ತು. ಆಮೇಲೆ ಅಲುಗಾಡುತ್ತಿರಲಿಲ್ಲ. ಬಟ್ಟಲನ್ನು ವಾಲಿಸಿದರೆ ಗಟ್ಟಿ ಮೊಸರು ವಾಲಿದಂತೆ ಇಡಿಯಾಗಿ ವಾಲುತ್ತಿತ್ತು. ಇನ್ನೂ ಹೊತ್ತು ಬಿಟ್ಟರೆ ಅದು ಅಂಚಿನಿಂದ ಬಿಡಿಸಿಕೊಂಡು ಚಿಕ್ಕದಾಗಿ, ಸುತ್ತ ತಿಳಿ ಹಳದಿ ನೀರು ನಿಲ್ಲುತ್ತಿತ್ತು. ಬಟ್ಟಲಲ್ಲಿ ಹೆಪ್ಪುಗಟ್ಟುವ ರಕ್ತ ನನ್ನ ಮೂಗಿನಲ್ಲಿ ಯಾಕೆ ಹೆಪ್ಪುಗಟ್ಟುವುದಿಲ್ಲ ಎಂದು ನಾನು ಒಮ್ಮೆ ಆಯಿಯನ್ನು ಕೇಳಿದೆ. ಹೊಲಸು ಮಾತಾಡಬೇಡ ಎಂದು ಬಟ್ಟಲು ಕಸಿದುಕೊಂಡು ಹಿತ್ತಲಿಗೆ ಚೆಲ್ಲಿದಳು. ಅಪ್ಪನನ್ನು ಕೇಳಿದೆ. ಅವನು ತುಸು ಯೋಚಿಸಿ, ತನಗೂ ಗೊತ್ತಿಲ್ಲ ಎಂದ. ಆ ಉತ್ತರ ನನಗೆ ಬಹಳ ಮೆಚ್ಚಿಗೆಯಾಗಿತ್ತು.

ಇದೆಲ್ಲ ಎಲ್ಲಿಂದ ಬಂತು ಎನ್ನುವ ವಿಷಯದಲ್ಲಿ ಆಯಿಗೆ ಅನುಮಾನವೇ ಇರಲಿಲ್ಲ. ಅವ್ವನ ತೌರುಮನೆ ರಾಜೇಶ್ವರ. ಅಲ್ಲಿನ ಬಾವಿಯ ನೀರು ತೆಳ್ಳಗೆ, ಅಲ್ಲಿನ ಜನರ ರಕ್ತವೂ ತೆಳ್ಳಗೆ ಎಂದು ಆಕೆಯ ತೀರ್ಮಾನ. ಅವ್ವ ಜೋಳದ ರೊಟ್ಟಿ ತಟ್ಟುತ್ತ ಕೇಳಿಸಿಕೊಳ್ಳುತ್ತಿದ್ದಳು. ರೊಟ್ಟಿಯ ಸದ್ದು ತುಸು ಜೋರಾಗುತ್ತಿತ್ತು, ಅಷ್ಟೆ. ನನಗೆ ಉಷ್ಣವಾಗುವುದೆಂದು ಆಯಿ ಶೇಂಗಾ, ಬೆಲ್ಲ, ಬದನೆಕಾಯಿ ಎಲ್ಲ ಬಂದ್ ಮಾಡಿಸಿದ್ದಳು. ಅವ್ವ ನನ್ನ ರೊಟ್ಟಿಯ ಮಡಿಕೆಯೊಳಗೆ ಬದನೆಕಾಯಿ ಪಲ್ಯ ಬಚ್ಚಿಟ್ಟು ಕೊಡುತ್ತಿದ್ದಳು. ಇಷ್ಟರವರೆಗೆ ಅದು ತಮಾಷೆಯೇ. ಆದರೆ ಒಂದು ವರ್ಷ ನಾಗಪಂಚಮಿಗೆ ಅವ್ವನನ್ನು ಕರೆದೊಯ್ಯಲು ರಾಜೇಶ್ವರದಿಂದ ಮಾಮಾ ಬಂದಾಗ, ಪಡಸಾಲೆಯಲ್ಲಿ ನಾಲ್ಕು ಜನ ಕೂತಿದ್ದಂತೆಯೇ ಆಯಿ ಅವನಿಗೆ ಹೇಳಿಬಿಟ್ಟಳು:

“ನಿಮ್ಮ ಮನಿ ರಗತ ಹಿಂಗದಂತ ಮೊದಲೇ ಹೇಳಿದ್ರ ನಾವು ಬ್ಯಾರೆ ಕಡೆ ನೋಡ್ತಿದ್ದೆವು.”

ಮಾಮಾ ಕೈಯಲ್ಲಿದ್ದ ನೀರಿನ ತಂಬಿಗೆ ಕೆಳಗಿಟ್ಟು ಎದ್ದುಹೋದ. ಆಮೇಲೆ ಎರಡು ಪಂಚಮಿ ಕಳೆದರೂ ಅವನು ನಮ್ಮ ಹೊಸ್ತಿಲು ತುಳಿಯಲಿಲ್ಲ, ಅವ್ವ ತೌರಿಗೆ ಹೋಗಲಿಲ್ಲ. ಓಣಿಯ ಹೆಂಗಸರೆಲ್ಲ ಜೋಕಾಲಿ ಆಡುವ ದಿನ ಅವ್ವ ಹಿತ್ತಲಲ್ಲಿ ಕೂತು ಪಾತ್ರೆ ತಿಕ್ಕುತ್ತಿದ್ದಳು, ತಿಕ್ಕಿದ್ದನ್ನೇ ಮತ್ತೆ ತಿಕ್ಕುತ್ತಿದ್ದಳು. ನನ್ನ ಮೂಗಿನಿಂದಾಗಿ ಇದೆಲ್ಲ ಆಯಿತು ಎಂದು ನನಗೆ ಅನ್ನಿಸುತ್ತಿತ್ತು. ಮಾಮಾ ಮಾತ್ರ ತಂಗಿಯನ್ನು ಮರೆತಿರಲಿಲ್ಲ. ಕಿವಿ ಚುಚ್ಚಿಸಲು ಬರುವ ರಾಜೇಶ್ವರದವರ ಗಾಡಿಯಲ್ಲಿ ಒಮ್ಮೆ ಹೊಸ ಜೋಳ, ಒಮ್ಮೆ ಕಬ್ಬಿನ ಜಲ್ಲೆ ಕಳಿಸುತ್ತಿದ್ದ.

ಆ ಕಬ್ಬೇ ನಮ್ಮನ್ನು ಹುಮನಾಬಾದಿಗೆ ಕರೆದೊಯ್ದದ್ದು. ನನಗಾಗ ಒಂಬತ್ತು ವರ್ಷ. ಮುಂದಿನ ಹಾಲುಹಲ್ಲುಗಳು ಒಂದೊಂದಾಗಿ ಬಿದ್ದಾಗ ಹೇಗೋ ಸುಧಾರಿಸಿದ್ದೆವು. ಹಿಂದಿನ ದೊಡ್ಡ ಹಲ್ಲೊಂದು ಅಲುಗಾಡುತ್ತಿದ್ದದ್ದನ್ನು ನಾನು ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಮನೆಯವರೆಲ್ಲ ದಿನಕ್ಕೆ ಹತ್ತು ಸಲ ಬಾಯಿ ತೆಗೆಸಿ ನೋಡುತ್ತಾರೆಂದು. ಮಾಮಾ ಕಳಿಸಿದ ಕಬ್ಬನ್ನು ಆಸೆಯಿಂದ ಕಚ್ಚಿ ಸಿಗಿದೆ. ಸಿಪ್ಪೆಯ ಜೊತೆ ಹಲ್ಲೂ ಬಂತು. ಒಂದು ದಿನ ಪೂರ್ತಿ, ಮರುದಿನ ಪೂರ್ತಿ ರಕ್ತ ನಿಲ್ಲಲಿಲ್ಲ. ಹಲ್ಲು ಬಿದ್ದ ಜಾಗದಲ್ಲಿ ಲಿವರಿನ ತುಂಡಿನಂಥ ಮೆತ್ತನೆಯ ಕರಿಗೆಂಪು ಗಡ್ಡೆ ಬೆಳೆಯಿತು, ಅದರ ಬುಡದಿಂದ ಹೊಸ ರಕ್ತ ಬರುತ್ತಲೇ ಇತ್ತು. ಅನ್ನ ಇಳಿಯಲಿಲ್ಲ. ಮೂರನೆಯ ದಿನ ಬೆಳಿಗ್ಗೆ ನಾನು ಎದ್ದು ನಿಂತರೆ ಗೋಡೆ ಸರಿದಂತೆ ಕಂಡಿತು. ಅಪ್ಪ ಕುಂಪಟೆ ಹೊತ್ತಿಸಲಿಲ್ಲ.

“ಹುಮನಾಬಾದಿನ ದವಾಖಾನಿಗಿ ಹೋಗೂಣು,” ಎಂದ ಅವ್ವನಿಗೆ. “ಗೌರಾ, ತಯಾರಾಗು.”

“ನಾನೂ ಬರ್ತೀನಿ,” ಎಂದಳು ಆಯಿ. “ಕಬ್ಬೂ ರಾಜೇಶ್ವರದ್ದೇ ನೋಡ್ರಿ,” ಎಂದು ಯಾರಿಗೋ ಹೇಳುವಂತೆ ಗೋಡೆಗೆ ಹೇಳಿದಳು.

ಅಜ್ಜನನ್ನು ನೋಡಿಕೊಳ್ಳಲು ಓಣಿಯವರಿಗೆ ಹೇಳಿ ನಾವು ನಾಲ್ವರು ಮೋಟಾರು ಹತ್ತಿದೆವು. ನನ್ನ ತೊಡೆಯ ಮೇಲೆ ಉಗುಳುವುದಕ್ಕೆ ಒಂದು ಹಿತ್ತಾಳೆ ತಂಬಿಗೆ. ಮೊದಲ ಸಲ ಮೋಟಾರು ಹತ್ತಿದ ಖುಷಿಯಲ್ಲಿ ನನಗೆ ನನ್ನ ಹಲ್ಲಿನ ನೆನಪು ಆಗಾಗ ಹಾರಿಹೋಗುತ್ತಿತ್ತು. ಆಯಿ ಪಕ್ಕದವರಿಗೆಲ್ಲ ಸುದ್ದಿ ಹೇಳಿದ್ದರಿಂದ ಹುಮನಾಬಾದು ಮುಟ್ಟುವುದರೊಳಗೆ ಒಬ್ಬರು ಲವಂಗ, ಒಬ್ಬರು ಬೇವಿನೆಲೆ, ಮುದುಕರೊಬ್ಬರು ತಮ್ಮ ಮೂಗಿನ ನಶ್ಯವನ್ನೇ ನನ್ನ ಬಾಯಿಗೆ ಹಾಕಲು ಮುಂದಾಗಿದ್ದರು. ಅಪ್ಪ ನನ್ನ ಮುಖವನ್ನು ತನ್ನ ಪಂಚೆಯ ಸೆರಗಿನಿಂದ ಮುಚ್ಚಿಕೊಂಡು ಕೂತ.

ದವಾಖಾನೆಯ ಡಾಕ್ಟರ್ ಸಾಹೇಬರು ಹೈದರಾಬಾದಿನ ಕಡೆಯವರು. ತೆಳ್ಳನೆಯ ಮೈ, ದಪ್ಪ ಗಾಜಿನ ಕನ್ನಡಕ. ಎಷ್ಟೋ ವರ್ಷ ನಮ್ಮ ಕಡೆ ಇದ್ದು ನಮ್ಮ ಮಾತು ಕಲಿತಿದ್ದರು, ನಡುವೆ ಉರ್ದು ಸೇರಿಸಿ ಆಡುತ್ತಿದ್ದರು. ನನ್ನ ಬಾಯಿ ತೆರೆಸಿ ನೋಡಿ ಹಲ್ಲಿನ ಜಾಗದ ಆ ಗಡ್ಡೆಯನ್ನು ಚಿಮಟದಿಂದ ತೆಗೆದುಹಾಕಿದರು. ಆಯಿ ಗಾಬರಿಯಾದಳು, ಇಷ್ಟು ರಕ್ತದಲ್ಲಿ ಗಟ್ಟಿಯಾಗಿ ನಿಂತದ್ದು ಅದೊಂದೇ, ಅದನ್ನೂ ಕಿತ್ತರಲ್ಲ ಎಂದು. ಸಾಹೇಬರು ಬಿಳಿ ಬಟ್ಟೆಯನ್ನು ಬಿಗಿಯಾಗಿ ಸುತ್ತಿ ಏನೋ ಒಗರು ಔಷಧಿಯಲ್ಲಿ ಅದ್ದಿ ಆ ಜಾಗದಲ್ಲಿಟ್ಟು, ಬಲವಾಗಿ ಕಚ್ಚು ಎಂದರು. ಗೋಡೆಯ ಗಡಿಯಾರ ತೋರಿಸಿದರು.

“ದೊಡ್ಡ ಮುಳ್ಳು ಅಲ್ಲಿಂದ ಇಲ್ಲೀತನಕ ಬರಬೇಕು. ಅಲ್ಲೀತನಕ ಈ ಮಗು ಬಾಯಿ ತೆರೀಬಾರದು. ಯಾರೂ ನೋಡಬಾರದು.”

“ನಡುವ ಒಂದ ಸಲ ನಿಂತದೇನ ನೋಡಿದ್ರ?” ಆಯಿ ಕೇಳಿದಳು.

“ನೋಡಿದ್ರ ನಿಲ್ಲೂದಿಲ್ಲ, ಅಮ್ಮಾ. ಒಳಗ ಕಟ್ಟಾಕತ್ತಿರ್ತದ. ನೀವು ಬಟ್ಟಿ ಎತ್ತಿದ್ರ ಕಟ್ಟಿದ್ದು ಹರೀತದ. ಮತ್ತ ಮೊದಲಿಂದ.”

ಅರ್ಧ ಗಂಟೆ. ನಮ್ಮ ಮನೆಯವರ ಪಾಲಿಗೆ ಅಂಥ ಕಷ್ಟದ ಅರ್ಧ ಗಂಟೆ ಅದಕ್ಕೂ ಮೊದಲು ಬಂದಿರಲಿಲ್ಲ. ಅವ್ವ ನನ್ನ ಗಲ್ಲದ ಕೆಳಗೆ ಕೈಯಿಟ್ಟು ಒತ್ತಿ ಹಿಡಿದಿದ್ದಳು. ಅಪ್ಪ ಕಿಟಕಿಯ ಹತ್ತಿರ ನಿಂತು ಹೊರಗೆ ನೋಡುವವನಂತೆ ನಟಿಸುತ್ತಿದ್ದ. ಆಯಿ ಮೂರು ಸಲ ನನ್ನ ಬಾಯಿಯ ಕಡೆ ಕೈ ತಂದಳು, ಮೂರು ಸಲವೂ ಸಾಹೇಬರು ತಮ್ಮ ಮೇಜಿನಿಂದಲೇ ಕೆಮ್ಮಿದರು. ಗಡಿಯಾರದ ಮುಳ್ಳು ಬಂತು. ಬಟ್ಟೆ ತೆಗೆದರು. ರಕ್ತ ನಿಂತಿತ್ತು. ಎರಡು ದಿನ ಅರಿಶಿಣ, ಪಟಿಕ, ಬೂದಿ, ತಣ್ಣೀರಿಗೆ ಬಗ್ಗದ್ದು, ಕಚ್ಚಿಕೊಂಡು ಸುಮ್ಮನೆ ಕೂತದ್ದಕ್ಕೆ ಬಗ್ಗಿತ್ತು. ಬಾಯಿ ಬಿಡುವಾದದ್ದೇ ತಡ, ನಾನು ನನ್ನ ಹಳೆಯ ಪ್ರಶ್ನೆ ಕೇಳಿದೆ.

“ಸಾಹೇಬ್ರ, ಬಟ್ಟಲದಾಗ ಬಿದ್ದದ್ದು ಗಟ್ಟಿ ಆಗ್ತದ. ಮೂಗಿನಾಗ ಯಾಕ ಆಗೂದಿಲ್ಲ?”

ಆಯಿ ನನ್ನ ಬೆನ್ನಿಗೆ ಚಿವುಟಿದಳು. ಸಾಹೇಬರು ಕನ್ನಡಕ ತೆಗೆದು ನನ್ನನ್ನು ನೋಡಿದರು.

“ನೀನು ನೋಡಿದೀ?”

“ಹೌದ್ರಿ. ಮೊಸರಿನಂಗ ಆಗ್ತದ. ಸುತ್ತ ಹಳದಿ ನೀರು ನಿಲ್ತದ.”

“ಶಾಬಾಶ್ ಬೇಟಿ,” ಎಂದರು ಅವರು. “ನಾಲ್ಕು ದಿನ ಬಿಟ್ಟು ಬಾ. ಮೈಯಾಗ ಶಕ್ತಿ ಬರಲಿ. ಈ ಸವಾಲಿಗೆ ಜವಾಬು ಕೊಡ್ತೀನಿ.”

ಆ ನಾಲ್ಕು ದಿನ ನಾವು ಮಾಣಿಕನಗರದಲ್ಲಿ ಸಂಬಂಧಿಕರ ಮನೆಯಲ್ಲಿದ್ದೆವು. ಗಂಜಿ, ಹಾಲು, ಮೆತ್ತಗೆ ಕಲಸಿದ ಅನ್ನ. ಐದನೆಯ ದಿನ ಬೆಳಿಗ್ಗೆ ಮತ್ತೆ ದವಾಖಾನೆಗೆ ಹೋದಾಗ ಸಾಹೇಬರು ಮೇಜಿನ ಮೇಲೆ ಶಾಹಿ ಹೀರುವ ಬಿಳಿ ಕಾಗದದ ಚೂರುಗಳನ್ನೂ ಕೂದಲಿನಂಥ ಗಾಜಿನ ಕೊಳವೆಗಳನ್ನೂ ಇಟ್ಟುಕೊಂಡು ಕೂತಿದ್ದರು. ಮೊದಲು ಮನೆಯಲ್ಲಿ ಇನ್ನು ಯಾರಿಗಾದರೂ ಹೀಗಿದೆಯೇ ಎಂದು ಕೇಳಿದರು.

“ಇದು ಆಕಿ ತೌರಮನಿ ಕಡಿಂದ ಬಂದದ್ರಿ,” ಎಂದಳು ಆಯಿ, ಅವ್ವನ ಕಡೆ ಗಲ್ಲ ಎತ್ತಿ.

“ಬಂದದೋ ಇಲ್ಲೋ ಈ ಕಾಗದಾನೇ ಹೇಳ್ತದ,” ಎಂದರು ಸಾಹೇಬರು.

ಅವ್ವನನ್ನು ಕುರ್ಚಿಯ ಮೇಲೆ ಕೂರಿಸಿ ಕಿವಿಯ ಹಾಲೆಯ ತುದಿಗೆ ಚೂಪು ಮೊನೆಯಿಂದ ಚುಚ್ಚಿದರು. ಅರ್ಧ ಅರ್ಧ ನಿಮಿಷಕ್ಕೊಮ್ಮೆ ಕಾಗದದ ಅಂಚನ್ನು ಮೂಡಿದ ಹನಿಗೆ ಮುಟ್ಟಿಸಿದರು. ಗಾಯವನ್ನು ಒರೆಸದೆ, ಹನಿಯನ್ನಷ್ಟೇ ಹೀರಿಸಿ. ಕಾಗದದ ಮೇಲೆ ಒಂದು ಕೆಂಪು ಚುಕ್ಕಿ, ಅದರ ಪಕ್ಕ ತುಸು ಚಿಕ್ಕದು, ಅದರ ಪಕ್ಕ ಇನ್ನೂ ಚಿಕ್ಕದು. ಐದನೆಯದು ಸಾಸಿವೆಯಷ್ಟು. ಆರನೆಯ ಸಲ ಕಾಗದ ಬಿಳಿಯಾಗಿಯೇ ಬಂತು. ಆಮೇಲೆ ಅಪ್ಪ ಕೂತ. ಜೀವಮಾನವೆಲ್ಲ ಊರವರ ಕಿವಿ ಚುಚ್ಚಿದವನು ತನ್ನ ಕಿವಿಗೆ ಮೊನೆ ಬರುವಾಗ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡದ್ದು ನೋಡಿ ನನಗೆ ನಗು ಬಂತು. ಅವನ ಚುಕ್ಕಿಗಳು ಐದಕ್ಕೆ ನಿಲ್ಲಲಿಲ್ಲ. ಹತ್ತಾದವು. ಹದಿನೈದಾದವು. ಇಪ್ಪತ್ತೊಂದನೆಯದು ಚಿಕ್ಕದಾಗಿ ಬಂದು ನಿಂತಿತು. ಅಪ್ಪನ ಬೆರಳುಗಳ ಮೇಲಿನ ಗಾಯ ದಿನವಿಡೀ ಒಸರುವುದನ್ನು, ಕ್ಷೌರ ಮಾಡಿಸಿಕೊಂಡ ದಿನ ಅವನ ಗಲ್ಲದ ಮೇಲೆ ಹತ್ತಿ ಅಂಟಿಕೊಂಡಿರುವುದನ್ನು ನಾವೆಲ್ಲ ನೋಡಿದ್ದೆವು. ಕೆಲಸಗಾರನ ಕೈ, ಹಾಗೇ ಇರುತ್ತದೆ ಎಂದುಕೊಂಡಿದ್ದೆವು. ಕೊನೆಗೆ ನಾನು. ನನ್ನ ಚುಕ್ಕಿಗಳು ಎರಡು ಕಾಗದ ತುಂಬಿದವು. ಮೂರನೆಯದು ಬೇಡ ಎಂದು ಸಾಹೇಬರು ಹಾಲೆಯನ್ನು ಎರಡು ಬೆರಳಲ್ಲಿ ಒತ್ತಿ ಹಿಡಿದರು.

ಒತ್ತಿ ಹಿಡಿದೇ ಜವಾಬು ಹೇಳಿದರು. ಅಪ್ಪನಿಗೂ ನನಗೂ ತಿಳಿಯುವಂತೆ, ನಿಧಾನವಾಗಿ. ಚರ್ಮ ಹರಿದ ಕೂಡಲೇ ರಕ್ತದ ನಾಳ ಮೊದಲು ತಾನೇ ಬಿಗಿದುಕೊಳ್ಳುತ್ತದೆ. ರಕ್ತದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳಿವೆ. ಅವು ಓಡಿಬಂದು ಹರಿದ ಜಾಗಕ್ಕೆ ಅಂಟಿಕೊಂಡು, ಒಂದರ ಮೇಲೊಂದು ಕೂತು ಬೂಚು ಹಾಕುತ್ತವೆ. ಆಮೇಲೆ ರಕ್ತದ ನೀರಿನಿಂದಲೇ ಎಳೆಗಳು ಹುಟ್ಟಿ ಬಲೆಯಾಗಿ ಆ ಬೂಚನ್ನು ಬಿಗಿಯುತ್ತವೆ. ಆ ಬಲೆಯನ್ನು ತೋರಿಸುತ್ತೇನೆಂದು ನನ್ನ ಬೆರಳಿನಿಂದ ಒಂದು ಹನಿ, ಅವ್ವನ ಬೆರಳಿನಿಂದ ಒಂದು ಹನಿಯನ್ನು ಎರಡು ಗಾಜಿನ ಕೊಳವೆಗಳಿಗೆ ಎಳೆದುಕೊಂಡು, ಸ್ವಲ್ಪ ಹೊತ್ತು ಬಿಟ್ಟು, ನನ್ನ ಕೊಳವೆಯನ್ನು ಲಟಕ್ಕನೆ ಮುರಿದರು. ಎರಡು ತುಂಡುಗಳನ್ನು ಮೆಲ್ಲಗೆ ದೂರ ಮಾಡಿದರೆ ನಡುವೆ ಒಂದು ಕೆಂಪು ಎಳೆ ಜೋತಾಡುತ್ತಿತ್ತು, ಜೇಡನ ನೂಲಿನಷ್ಟು ನಯ. ಅವ್ವನ ಕೊಳವೆಯಲ್ಲೂ ಅದೇ ಎಳೆ, ಅದೇ ಹೊತ್ತಿಗೆ. ನನ್ನ ಮೈಯೊಳಗಿನ ವಸ್ತುವೊಂದು ಅಷ್ಟು ಚೆಂದ ಇರಬಹುದೆಂದು ನಾನು ಅಲ್ಲಿಯವರೆಗೆ ಅಂದುಕೊಂಡಿರಲಿಲ್ಲ.

“ನಿನ್ನ ರಗತ ತೆಳ್ಳಗಿಲ್ಲ, ಬೇಟಿ. ಬಲಿ ಛಲೋ ಹೆಣೀತದ. ಅದಕ್ಕೇ ಬಟ್ಟಲದಾಗ ಗಟ್ಟಿ ಆಗ್ತದ. ಆದ್ರ ಮೊದಲ ಬರೋ ಕಣ ಅದಾವಲ್ಲ, ಅವು ಅಂಟಿಕೊಳ್ಳಾಕ ತಡಾ ಮಾಡ್ತಾವ. ಹರಿಯೂ ರಗತದಾಗ ನಿಲ್ಲಾಕ ಅವಕ್ಕ ಆಗೂದಿಲ್ಲ. ಒತ್ತಿ ಹಿಡಿದ್ರ ನಿಲ್ತಾವ. ಪುರಸೊತ್ತು ಕೊಡ್ರಿ, ಅಷ್ಟೇ.”

“ಬೆಸಗಿ ಕೂಡ್ತದ, ಆದ್ರ ಹಿಡದಿರಬೇಕು,” ಎಂದ ಅಪ್ಪ, ಬೆಳ್ಳಿಯ ಎರಡು ತುಂಡು ಬೆಸೆಯುವವನಂತೆ ಬೆರಳು ಜೋಡಿಸಿ.

“ಹಾಂ, ಪತ್ತಾರ ಸಾಬ್, ಅದೇ,” ಎಂದು ಸಾಹೇಬರು ನಕ್ಕು ಆಯಿಯ ಕಡೆ ತಿರುಗಿದರು. “ಈಗ ನಿಮ್ಮ ಕಿವಿ, ಅಮ್ಮಾ.”

ಆಯಿ ಗೋಡೆಗೆ ಸರಿದಳು.

“ನನಗ ಬ್ಯಾಡ್ರಿ. ಮುದುಕಿ ಕಿವಿ ತಗೊಂಡು ಏನ ಮಾಡ್ತೀರಿ.”

“ಇರಿವಿ ಕಡದಂಗ ಆಗ್ತದ ಆಯಿ, ಅಷ್ಟೇ,” ಎಂದ ಅಪ್ಪ.

“ಚುಚ್ಚಬ್ಯಾಡ್ರಿ. ಅದು ನಿಲ್ಲೂದಿಲ್ಲ.” ಆಯಿಯ ದನಿ ಇಳಿದಿತ್ತು. “ನನಗ ಗೊತ್ತದ.”

ಆಯಿ ನೆಲದ ಮೇಲೆ ಕೂತುಬಿಟ್ಟಳು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಹೇಳಿದಳು.

“ಕೂಸಿದ್ದಾಗ ಕಿವಿ ಚುಚ್ಚಿದ್ರ ಮೂರು ದಿನ ನಿಂತಿರಲಿಲ್ಲಂತ ನಮ್ಮವ್ವ ಹೇಳ್ತಿದ್ಳು. ಲಗ್ನ ಆದ ವರ್ಷ ಇವನಪ್ಪ ನತ್ತು ಮಾಡಿ, ತಾವೇ ನನ್ನ ಮೂಗು ಚುಚ್ಚಿದ್ರು. ಅದೂ ಹಂಗೇ ಆತು. ನಮ್ಮ ಅತ್ತಿ ಕಿವಿಗಿ ಬಿದ್ದಿದ್ರ ನನ್ನ ತೌರಿಗಿ ಕಳಸ್ತಿದ್ಳು. ದೇವಿಗಿ ಹರಕಿ ಹೊತ್ತು ನತ್ತು ಹಾಕೂದು ಬಿಟ್ಟೀನಂತ ಸುಳ್ಳ ಹೇಳಿದೆ. ಇವತ್ತಿನ ತನಕಾ ಅದೇ ಹೇಳ್ಕೋಂತ ಬಂದೀನಿ. ಇವ ಹುಟ್ಟಿದಾಗ ಎರಡು ತಿಂಗಳು ಹಾಸಗಿ ಹಿಡದಿದ್ದೆ.”

ಅವ್ವ ಆಯಿಯ ಹತ್ತಿರ ಹೋಗಿ ನಿಂತಳು. ಆಮೇಲೆ ಜಗಳದ ದನಿಯಲ್ಲದ ದನಿಯಲ್ಲಿ ಕೇಳಿದಳು.

“ಮತ್ತ ನಮ್ಮಣ್ಣಗ ನಾಕು ಮಂದಿಯಾಗ ಹಂಗ್ಯಾಕ ಅಂದ್ರಿ ಅತ್ತಿ?”

“ಹೆದ್ರಿಕಿ,” ಎಂದಳು ಆಯಿ. “ನಿನ್ನ ಕಡಿಂದ ಬಂದದಂತ ಅಂದ್ರ ನನ್ನ ಕಡಿ ಯಾರೂ ನೋಡೂದಿಲ್ಲಂತ.”

ಸಾಹೇಬರು ತಮ್ಮ ಮೊನೆಯನ್ನು ಸದ್ದಿಲ್ಲದೆ ಡಬ್ಬಿಯೊಳಗಿಟ್ಟರು. ಅವ್ವ ಮೇಜಿನ ಮೇಲಿದ್ದ ತನ್ನ ಐದು ಚುಕ್ಕಿಯ ಕಾಗದವನ್ನು ತೋರಿಸಿ, ಇದನ್ನು ನಾನು ತಗೊಳ್ಳಲೇನ್ರಿ ಎಂದು ಕೇಳಿ, ಒಣಗಿದೆಯೇ ಎಂದು ಮುಟ್ಟಿ ನೋಡಿ, ನಾಲ್ಕು ಮಡಿಕೆ ಮಾಡಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಮೋಟಾರಿನಲ್ಲಿ ಬರುವಾಗ ಆಯಿಯ ಕಣ್ಣು ಅವ್ವನ ಸೊಂಟದ ಮೇಲೆಯೇ ಇತ್ತು. ಆ ಕಾಗದವನ್ನು ಅವ್ವ ಓಣಿಯವರಿಗೆಲ್ಲ ತೋರಿಸುತ್ತಾಳೆ ಎಂದು ಆಕೆಗೆ ಭಯವಿದ್ದಿರಬೇಕು. ಅವ್ವ ಯಾರಿಗೂ ತೋರಿಸಲಿಲ್ಲ. ತೋರಿಸುವ ಅಗತ್ಯವೂ ಬೀಳಲಿಲ್ಲ. ಉಪ್ಪು ಹೆಚ್ಚಾಯಿತು, ರೊಟ್ಟಿ ದಪ್ಪಾಯಿತು ಎಂದು ಆಯಿ ಶುರು ಮಾಡಿದ ಕೂಡಲೇ ಅವ್ವ ಸುಮ್ಮನೆ ಸೊಂಟದ ಮೇಲೆ ಕೈಯಿಡುತ್ತಿದ್ದಳು. ಅಪ್ಪ ಅಂಗಡಿಯಲ್ಲಿ ಕೂತಲ್ಲೇ ಮುಖ ತಿರುಗಿಸಿ ನಗುತ್ತಿದ್ದ. ಆ ಮಳೆಗಾಲದಲ್ಲಿ ಪಂಚಮಿ ಹತ್ತಿರ ಬಂದಾಗ ಆಯಿ ತಾನೇ ರಾಜೇಶ್ವರಕ್ಕೆ ಹೇಳಿಕಳಿಸಿದಳು. ಮಾಮಾ ಬಂದ, ಹೊಸ್ತಿಲ ಹೊರಗೇ ನಿಂತ. ಆಯಿ ನೀರಿನ ತಂಬಿಗೆ ಹಿಡಿದು ಬಾಗಿಲಿಗೆ ಹೋದಳು. ಪಡಸಾಲೆಯಲ್ಲಿ ಅವತ್ತೂ ಜನರಿದ್ದರು.

“ಒಳಗ ಬರ್ರಿ,” ಎಂದಳು. “ರಗತದ ಮಾತು ನಿಮ್ಮ ಮನೀದಲ್ಲ, ನನ್ನದು. ಡಾಕ್ಟರ್ ಸಾಹೇಬ್ರು ನೋಡ್ಯಾರ. ನಾ ಅಂದಿದ್ದು ತಪ್ಪಾತು.”

ಮಾಮಾ ಒಳಗೆ ಬಂದು ಎರಡು ತಂಬಿಗೆ ನೀರು ಕುಡಿದ. ರಾಜೇಶ್ವರಕ್ಕೆ ಹೊರಡುವ ಗಡಿಬಿಡಿಯಲ್ಲಿ ಅವ್ವ ಸೊಂಟದ ಕಾಗದ ತೆಗೆದು ನನಗೆ ಕೊಟ್ಟು, ಇದರ ಹಿಂದ ಅಕ್ಷರ ಬರಕೋ ಎಂದಳು. ಆ ಪಂಚಮಿಯಲ್ಲಿ ಮಾಮಾನ ಹೊಲದ ಬೇವಿನ ಮರಕ್ಕೆ ಕಟ್ಟಿದ ಜೋಕಾಲಿಯಲ್ಲಿ ಅವ್ವ ಎಷ್ಟು ಎತ್ತರ ಹೋದಳೆಂದರೆ ನನಗೆ ಕೆಳಗೆ ನಿಂತು ಹೆದರಿಕೆಯಾಯಿತು.

ಮನೆಯ ವೈದ್ಯವೂ ಬದಲಾಯಿತು. ಮೂಗಿನಲ್ಲಿ ರಕ್ತ ಬಂದರೆ ಈಗ ತಲೆಯನ್ನು ಮುಂದೆ ಬಗ್ಗಿಸಿ, ಮೂಗನ್ನು ಎರಡು ಬೆರಳಲ್ಲಿ ಒತ್ತಿ ಹಿಡಿದು, ಯಾರೂ ನೋಡದೆ ಕೂರಬೇಕು. ಹಿಡಿಯುವ ಕೆಲಸವನ್ನು ಆಯಿ ತನ್ನದಾಗಿ ಮಾಡಿಕೊಂಡಳು. ಗಡಿಯಾರವಿಲ್ಲದ್ದರಿಂದ ಆಕೆ ತನ್ನ ಬಾಲ್ಯದ ಒಂದು ಸಂಗತಿ ಹೇಳುತ್ತಿದ್ದಳು. ಅದು ಮುಗಿಯುವವರೆಗೆ ಕೈ ಬಿಡುತ್ತಿರಲಿಲ್ಲ. ಮುಂದೆ ನಾನು ಶಾಲೆಯ ಶಿಕ್ಷಕಿಯಾಗಿ ಮಕ್ಕಳಿಗೆ ಕಥೆ ಹೇಳುವಾಗ, ಕೇಳುವವರನ್ನು ಅಲುಗಾಡದಂತೆ ಕೂರಿಸುವ ಆ ಕಲೆ ಮೂಗು ಹಿಡಿಸಿಕೊಂಡು ಕಲಿತದ್ದು ಎಂದು ಯಾರಿಗೂ ಹೇಳಿರಲಿಲ್ಲ. ನನ್ನ ಹೆರಿಗೆಯ ಹೊತ್ತಿಗೆ ದೊಡ್ಡ ಆಸ್ಪತ್ರೆಯವರು ಈ ದೋಷಕ್ಕೆ ಉದ್ದನೆಯ ಪರದೇಶಿ ಹೆಸರೊಂದನ್ನು ಹೇಳಿ, ಮೊದಲೇ ಎಲ್ಲ ತಯಾರಿ ಮಾಡಿಕೊಂಡು, ನನ್ನನ್ನೂ ಕೂಸನ್ನೂ ಸುಖವಾಗಿ ಮನೆಗೆ ಕಳಿಸಿದರು. ಆ ಹೆಸರು ನನಗೆ ಈಗಲೂ ಬಾಯಿಗೆ ಬರುವುದಿಲ್ಲ.

ಅಜ್ಜನ ಸಂಗತಿ ಹೇಳದಿದ್ದರೆ ಈ ಅಧ್ಯಾಯ ಪೂರ್ತಿಯಾಗುವುದಿಲ್ಲ. ನಾವು ಹುಮನಾಬಾದಿನಿಂದ ಮರಳಿದ ದಿನ ಆಯಿ ಅವನ ಪಕ್ಕ ಕೂತು, ಎಲ್ಲ ಹೇಳಿಬಿಟ್ಟೆನ್ರಿ ಎಂದು ಅವನ ಕಿವಿಯಲ್ಲಿ ಜೋರಾಗಿ ಹೇಳಿದ್ದಳು. ಅಜ್ಜ ಕುಟ್ಟುವುದನ್ನು ನಿಲ್ಲಿಸಿ, “ಛಲೋ ಆತು. ಇಷ್ಟ ವರ್ಷ ನನ್ನ ಬಾಯಿ ಕಟ್ಟಿಟ್ಟಿದ್ದಿ,” ಎಂದಿದ್ದ. ಮರುದಿನ ಅಪ್ಪನನ್ನು ಸರಿಸಿ ಅಡಿಗಲ್ಲಿನ ಮುಂದೆ ತಾನೇ ಕೂತ. ಎಷ್ಟೋ ವರ್ಷದಿಂದ ಇಕ್ಕಳ ಹಿಡಿಯದ ಕೈ. ಕಣ್ಣಿಗೆ ಕಾಣದ್ದನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತ ಹತ್ತು ಹನ್ನೆರಡು ದಿನ ಕೆಲಸ ಮಾಡಿದ. ಅಪ್ಪ ಊದಿಕೊಟ್ಟ, ತಂತಿ ಎಳೆದುಕೊಟ್ಟ, ಬೇರೇನೂ ಮಾಡಲು ಅಜ್ಜ ಬಿಡಲಿಲ್ಲ. ನನಗೆ ಕಿವಿಯ ಹಾಲೆಯನ್ನು ಹಿಂದಿನಿಂದ ಒತ್ತಿ ಹಿಡಿದುಕೊಳ್ಳುವ ಒಂದು ಜೊತೆ ಓಲೆ ಆಯಿತು. ಇನ್ನೊಂದು ಆಯಿಗೆ: ಮೂರು ಮುತ್ತು, ಒಂದು ಕೆಂಪು ಹರಳಿನ ನತ್ತು, ತೂತು ಬೇಡದ್ದು, ಮೂಗಿನ ಅಂಚನ್ನು ಕಚ್ಚಿ ಕೂರುವಂಥದು. ಆಯಿ ನಾಚಿಕೊಂಡು ಎರಡು ದಿನ ಅದನ್ನು ಗೂಡಿನಲ್ಲಿಟ್ಟಳು. ಮೂರನೆಯ ದಿನ ಹಾಕಿಕೊಂಡು ಮೊದಲು ಚಾಂದಬಿ ಖಾಲಾಗೆ ಗೋಡೆಯ ಮೇಲಿಂದ ತೋರಿಸಿ ಬಂದು ನಮ್ಮ ಜೊತೆ ಊಟಕ್ಕೆ ಕೂತಳು. ಅವ್ವ ಒಗ್ಗರಣೆ ಹಾಕಿದಳು. ಮೆಣಸಿನಕಾಯಿಯ ಘಾಟಿಗೆ ಆಯಿ ಸೀನಿದಳು, ನತ್ತು ಹಾರಿ ನೇರ ಮಜ್ಜಿಗೆಯ ಗಡಿಗೆಯೊಳಗೆ ಬಿತ್ತು.

ನಾನೂ ಅಪ್ಪನೂ ನಕ್ಕು ನಕ್ಕು ಎದ್ದೇಬಿಟ್ಟೆವು. ಏನಾಯಿತು ಎಂದು ಅಜ್ಜ ಪಡಸಾಲೆಯಿಂದ ಕೂಗಿ ಕೇಳುತ್ತಿದ್ದ. ಅವ್ವ ಸೌಟಿನಿಂದ ಹುಡುಕಿ ನತ್ತು ತೆಗೆದು, ನೀರಲ್ಲಿ ತೊಳೆದು, ಸೆರಗಿನಲ್ಲಿ ಒರೆಸಿ, ಆಯಿಯ ಎದುರಿಗೆ ಮೊಣಕಾಲೂರಿ ಕೂತಳು.

“ಸ್ವಲ್ಪ ಬಿಗೀಲೇನ್ರಿ ಅತ್ತಿ? ನೋವಾದ್ರ ಹೇಳ್ರಿ.”

“ಬಿಗಿ,” ಎಂದಳು ಆಯಿ. ಮುಖವನ್ನು ಮುಂದೆ ಚಾಚಿ ಕಣ್ಣು ಮುಚ್ಚಿಕೊಂಡಳು.